ಕೆಳಗಿನ ನೀರು ಮೇಲೇಳುವ ತಿಂಗಳುಗಳು

ನನ್ನ ಮದುವೆಯ ಮಾತು ಎದ್ದಾಗ ಅಪ್ಪ ಬಹಳ ದಿನ ಏನೂ ಹೇಳಲಿಲ್ಲ. ಬೆಳಗಾವಿಯ ರವಿವಾರ ಪೇಟೆಯಲ್ಲಿ ನಮ್ಮದು ಬೆಲ್ಲ, ಬೇಳೆಯ ಸಗಟು ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಲಿಂಗಪೂಜೆಯಾಗದೆ ಅಪ್ಪ ಚಹಾ ಕೂಡ ಮುಟ್ಟಿದವರಲ್ಲ. ಅಂಥವರ ಮಗಳು ಕಾರವಾರಕ್ಕೆ ಹೋಗಿ ಸಮುದ್ರದ ಜೀವಶಾಸ್ತ್ರ ಓದುತ್ತಾಳೆಂಬುದೇ ಪೇಟೆಯವರಿಗೆ ತಮಾಷೆಯ ಸಂಗತಿಯಾಗಿತ್ತು. ಈಗ ನೋಡಿದರೆ ನಾನು ಖಾನಾಪುರದ, ಎಮ್ಮೆ ಸಾಕುವ, ಮಳೆಗಾಲದಲ್ಲಿ ಒಣಮೀನಿಲ್ಲದೆ ಅನ್ನ ಇಳಿಯದ ಮನೆಯ ಹುಡುಗನನ್ನು ಒಪ್ಪಿ ಕೂತಿದ್ದೆ. ಕಡೆಗೊಂದು ಬೆಳಿಗ್ಗೆ ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ ಹೇಳಿದರು.

"ಹುಡುಗ ಚಲೋ ಅದಾನು. ಮೀನು ಅವರು ತಿಂತಾರ, ನೀ ಓದ್ತಿ. ಹೊಂದಾಣಿಕಿ ಆಗ್ತದ ತಗೋ."

ಅಷ್ಟೇ. ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ನಮ್ಮ ಮನೆಯಲ್ಲಿ ಮಾತು ಮೊದಲಿನಿಂದಲೂ ಕಡಿಮೆ.

ಅತ್ತೆಯ ಮನೆಯಲ್ಲಿ ಹಾಗಿರಲಿಲ್ಲ. ಖಾನಾಪುರದ ಅಂಚಿನಲ್ಲಿ ಆ ಮನೆ. ಹಿತ್ತಲಿನ ಆಚೆ ಇಳಿದರೆ ಮಲಪ್ರಭೆ. ಮಾವ ಇರಲಿಲ್ಲ. ಅತ್ತೆ, ನನ್ನ ಮೈದುನ, ಎಮ್ಮೆಗಳು. ಅತ್ತೆ ಎಮ್ಮೆಗಳ ಜೊತೆ ಮರಾಠಿಯಲ್ಲಿ, ಮಕ್ಕಳ ಜೊತೆ ಕನ್ನಡದಲ್ಲಿ, ಸಿಟ್ಟು ಬಂದರೆ ಎರಡೂ ಕೂಡಿಸಿ ಮಾತಾಡುತ್ತಿದ್ದರು. ಮೈದುನ ಬೆಳಗಿನ ರೈಲಿಗೆ ಹಾಲಿನ ಕ್ಯಾನು ಏರಿಸಿ ಬೆಳಗಾವಿಗೆ ಒಯ್ಯುತ್ತಿದ್ದ. ನನ್ನ ಗಂಡನಿಗೆ ಬೆಳಗಾವಿಯಲ್ಲಿ ಸರಕಾರಿ ನೌಕರಿ. ನಾವಿಬ್ಬರೂ ಅಲ್ಲಿಯೇ ಬಾಡಿಗೆ ಮನೆ ಮಾಡಿದ್ದೆವು, ರವಿವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗುತ್ತಿದ್ದೆವು. ಅತ್ತೆ ನನಗೆಂದು ಹೊಸ ಗಡಿಗೆ, ಹೊಸ ಸವಟು ತಂದು ಬೇರೆ ಗೂಟಕ್ಕೆ ತೂಗುಹಾಕಿದ್ದರು. ಮೀನು ಹುರಿಯುವುದಿದ್ದರೆ ಹಿತ್ತಲಲ್ಲಿ ಒಲೆ ಹೂಡುತ್ತಿದ್ದರು. ಹಾಗೆ ಮಾಡಿರೆಂದು ನಾನು ಕೇಳಿರಲಿಲ್ಲ.

ನನ್ನ ಸಂಶೋಧನೆ ಅರ್ಧಕ್ಕೆ ನಿಂತಿತ್ತು. ಮಳೆಗಾಲದಲ್ಲಿ ನಮ್ಮ ಪಶ್ಚಿಮದ ಕರಾವಳಿಯಲ್ಲಿ ತಳದ ತಣ್ಣೀರು ಮೇಲೇಳುತ್ತದೆ. ಮೀನಿಗೆ ಬೇಕಾದ ಆಹಾರದ ಮೂಲವೆಲ್ಲ ಆ ನೀರಿನಲ್ಲಿರುತ್ತದೆ. ಅದು ಎಲ್ಲಿಂದ, ಎಷ್ಟು, ಹೇಗೆ ಬರುತ್ತದೆ ಎಂಬುದೇ ನನ್ನ ವಿಷಯ. ಮದುವೆಗೆ ಮೊದಲಿನ ಮಳೆಗಾಲಗಳಲ್ಲಿ, ಗಾಳಿ ಬಿಡುವು ಕೊಟ್ಟ ದಿನ, ಕಾರವಾರದಿಂದ ದೋಣಿಯಲ್ಲಿ ಹೋಗಿ ನೀರು ತಂದಿದ್ದೆ. ಎರಡೂ ತುದಿ ತೆರೆದ ಒಂದು ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುವುದು, ಬೇಕಾದ ಆಳಕ್ಕೆ ಹೋದಮೇಲೆ ಹಗ್ಗದಗುಂಟ ಒಂದು ಹಿತ್ತಾಳೆಯ ತುಂಡು ಜಾರಿಸುವುದು. ಅದು ತಾಗಿದ ಕೂಡಲೇ ಬಾಟಲಿಯ ಎರಡೂ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಮೇಲೆ ಎಳೆದುಕೊಂಡಾಗ ತಳದ ನೀರಿನ ಬಾಟಲಿ ಅಂಗೈಗೆ ತಣ್ಣಗೆ ಹತ್ತುತ್ತಿತ್ತು. ವಾಂತಿ ಮಾಡಿಕೊಂಡು ಸುಸ್ತಾಗಿ ಕೂತಿದ್ದರೂ ಆ ತಂಪು ತಾಗಿದರೆ ನನಗೆ ಜೀವ ಬರುತ್ತಿತ್ತು. ಪ್ರಯೋಗಶಾಲೆಯಲ್ಲಿ ಅದಕ್ಕೆ ಔಷಧ ಹಾಕಿದರೆ ಗುಲಾಬಿ ಬಣ್ಣ ಏರುತ್ತಿತ್ತು. ಬಣ್ಣ ಗಾಢವಾದಷ್ಟೂ ಸಾರ ಹೆಚ್ಚು. ಲೆಕ್ಕವೆಲ್ಲ ಮುಗಿದಿತ್ತು, ಬರೆಯುವುದು ಬಾಕಿ ಇತ್ತು. ಅಷ್ಟರಲ್ಲಿ ಬಸಿರಾದೆ.

ಜೂನ್ ಮುಗಿಯುತ್ತಿತ್ತು, ನನಗೆ ಆರು ತಿಂಗಳು ತುಂಬಿತ್ತು. ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ನನ್ನನ್ನೂ ನನ್ನ ಗಂಡನನ್ನೂ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ತಿಳಿಸಿ ಹೇಳಿದರು.

"ಕೂಸು ತಿಂಗಳಿಗೆ ತಕ್ಕಂಗ ಬೆಳದಿಲ್ಲ. ನಿಮ್ಮಿಂದ ಅದಕ್ಕ ಹೋಗೂ ರಕ್ತದ ಹರಿವು ಕಮ್ಮಿ ಐತಿ. ಊಟ ನೀವು ಮಾಡ್ತೀರಿ, ಅದಕ್ಕ ಮುಟ್ಟವಲ್ದು. ಇಲ್ಲೇ ಅಡ್ಮಿಟ್ ಆಗ್ರಿ. ಎಡಮಗ್ಗಲಾಗಿ ಮಲಗ್ರಿ. ದಿನಾ ನೋಡ್ತೇವು."

ಹರಿವು ಎಂಬ ಶಬ್ದ ನನಗೆ ಹೊಸದಲ್ಲ. ಅದನ್ನು ಎಷ್ಟು ಪುಟಗಳಲ್ಲಿ ಬರೆದಿದ್ದೆನೋ. ಅವತ್ತು ಆ ಶಬ್ದ ಕೇಳಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡೆ.

ತವರಲ್ಲಿ ನೋಡಿಕೊಳ್ಳಲು ಹೆಂಗಸರಿರಲಿಲ್ಲ. ಮರುದಿನ ಬೆಳಗಿನ ರೈಲಿಗೆ ಮೈದುನನ ಹಾಲಿನ ಕ್ಯಾನುಗಳ ಜೊತೆಗೇ ಅತ್ತೆ ಬಂದಿಳಿದರು. ಕೈಯಲ್ಲಿ ಒಂದು ಚೀಲ, ಹಳೆ ಸೀರೆ ಹೊಲಿದ ಒಂದು ಕೌದಿ. ಎಮ್ಮೆಗಳನ್ನು ಯಾರು ನೋಡುತ್ತಾರೆ ಎಂದು ಕೇಳಿದೆ.

"ನೋಡೂ ಮಂದಿ ನೋಡ್ತಾರ. ಅವಕ್ಕೇನು ಬ್ಯಾನಿ ಆಗೈತಿ? ನೀ ಸುಮ್ನ ಮಕ್ಕೊ" ಎಂದರು. ಕೌದಿಯನ್ನು ನನ್ನ ಬೆನ್ನಿಗೆ ಆನಿಸಿ, ಬಲಕ್ಕೆ ಹೊರಳದಂತೆ ಗೋಡೆಯ ಹಾಗೆ ಒತ್ತಿಟ್ಟರು.

ಮಲಗಿದವಳಿಗೆ ಕಿಟಕಿಯಲ್ಲಿ ಕಾಣುತ್ತಿದ್ದುದು ಬೆಳಗಾವಿಯ ಜಿಟಿಜಿಟಿ ಮಳೆ ಮತ್ತು ಒಂದು ನೀಲಗಿರಿ ಮರದ ತುದಿ. ಮೊದಲ ದಿನಗಳಲ್ಲಿ ನಾನು ಅಳುವುದೊಂದೇ ಮಾಡಿದೆ. ನರ್ಸು ಬಂದು ಕೂಸಿನ ಎದೆಬಡಿತ ಕೇಳಿಸಿಕೊಂಡು ಹೋದಮೇಲೆ ಸ್ವಲ್ಪ ಹೊತ್ತು ಸಮಾಧಾನ, ಮತ್ತೆ ಹೆದರಿಕೆ. ನನ್ನ ಗಂಡ ಆಫೀಸಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಂದು ಕಾಲ ಬಳಿ ಕೂತು ಪಾದ ಒತ್ತುತ್ತಿದ್ದರು. ಅಪ್ಪ ಮಧ್ಯಾಹ್ನ ಅಂಗಡಿಯ ಕದ ಅರ್ಧ ಮುಚ್ಚಿ ಡಬ್ಬಿ ತರುತ್ತಿದ್ದರು. ಅವರೇ ಬಡಿದ ರೊಟ್ಟಿ, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಸ್ಟೂಲಿನ ಮೇಲೆ ಕೂತು, ನಾನು ಉಣ್ಣುವುದನ್ನು ನೋಡಿ, ಡಬ್ಬಿ ತೊಳೆದುಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಅಳು ನಿಲ್ಲಲೇ ಇಲ್ಲ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು.

"ಹೀಂಗ ಅತ್ತರ ಕೂಸಿಗೂ ಕೇಳಸ್ತದವ್ವಾ. ಬ್ಯಾರೆ ಏನಾರ ಮಾತಾಡು. ನೀ ಅದೇನೋ ಸಮುದ್ರದ್ದು ಓದಿದೆಲ್ಲ, ಅದನ್ನ ಹೇಳು. ನಾ ಅಂತೂ ಕೇಳೇ ಇಲ್ಲ."

"ಅದು ನಿಮಗ ಬ್ಯಾಸರ ಆಗ್ತದರೀ ಅತ್ತೀ."

"ಇಲ್ಲಿ ಕುಂತು ಗ್ವಾಡಿ ನೋಡೂದಕ್ಕಿಂತ ಬ್ಯಾಸರೇನ?"

ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ನಮ್ಮ ಸೀಮೆಯ ಸಮುದ್ರ ವರ್ಷವಿಡೀ ಬೆಚ್ಚಗಿರುತ್ತದೆ ಎಂದೆ. ಬಿಸಿಲಿಗೆ ಕಾದ ಮೇಲಿನ ನೀರು ಹಗುರ. ತಳದ್ದು ತಣ್ಣಗೆ, ಭಾರ. ಹಾಗಾಗಿ ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿರುತ್ತವೆ, ಸಣ್ಣ ಜೀವಿಗಳೂ ಮೀನೂ ಎಲ್ಲ ಬದುಕುವುದು ಅವುಗಳ ಮೇಲೆ. ಆ ಸಸ್ಯಗಳಿಗೆ ಬೆಳಕೂ ಬೇಕು, ಗೊಬ್ಬರವೂ ಬೇಕು. ಬೆಳಕು ಇರುವುದು ಮೇಲೆ. ಸತ್ತ ಜೀವಿಗಳೆಲ್ಲ ಕೆಳಗಿಳಿದು ಕೊಳೆಯುವುದರಿಂದ ಗೊಬ್ಬರ ಇರುವುದು ತಳದಲ್ಲಿ.

ಅತ್ತೆ ಬಾಯಿಯ ಎಲೆ-ಅಡಿಕೆಯನ್ನು ಒಂದು ಕಡೆಗೆ ಸರಿಸಿ ವಿಚಾರ ಮಾಡಿದರು. "ಹಂಗಾರ ಮ್ಯಾಲಿನವರು ಉಪಾಸ?"

"ಹೌದರೀ. ನೀಲಿ ನೀಲಿ ಸಮುದ್ರ ಕಾಣ್ತದಲ್ಲ, ಅದು ಹಸಿದ ಸಮುದ್ರ. ಹೊಟ್ಟಿ ತುಂಬಿದ್ದು ಹಸರ ಇರ್ತದ."

"ಮತ್ತ ಗೊಬ್ಬರ ಮ್ಯಾಲ ತರೂದು ಯಾರು?"

ಅವರ ಕೈಯಲ್ಲಿ ನನಗೆಂದು ಕಾಸಿ ತಂದ ಹಾಲಿನ ಅಗಲ ಬಟ್ಟಲಿತ್ತು. ಮೇಲೆ ಕೆನೆ ಕಟ್ಟಿತ್ತು. ಒಂದು ಕಡೆಯಿಂದ ಊದಲು ಹೇಳಿದೆ. ಅವರು ಊದಿದರು. ಕೆನೆ ಸುಕ್ಕುಗಟ್ಟಿ ಆಚೆ ಅಂಚಿಗೆ ಸರಿಯಿತು, ಈಚೆ ಕಡೆ ಕೆಳಗಿನ ಹಾಲು ಮೇಲೆ ಬಂತು.

"ಅದ ನೋಡ್ರಿ ಆಗೂದು. ಮಳಿಗಾಲದಾಗ ಗಾಳಿ ದಂಡಿಗುಂಟ ಬೀಸಿ ಮ್ಯಾಲಿನ ನೀರು ಒಳಸಮುದ್ರಕ್ಕ ಸರಸ್ತದ. ಭೂಮಿ ತಿರಗೂದೂ ಅದಕ್ಕೊಂದು ಕೈ ಹಚ್ಚತದ. ತೆರವಾದ ಜಾಗಾಕ್ಕ ಕೆಳಗಿನದು ಬರ್ತದ. ಈಗ, ನಾವಿಲ್ಲಿ ಮಾತಾಡೂವಾಗ, ಅಲ್ಲಿ ಬರಾಕ ಹತ್ತೈತಿ."

"ಈಗs?"

"ಈಗs."

ಅತ್ತೆ ಕಿಟಕಿಯ ಕಡೆ ತಿರುಗಿ ಮಳೆಯನ್ನು ನೋಡಿದರು, ಆ ಮಳೆಯ ಹಿಂದೆಯೇ ಸಮುದ್ರವಿದೆ ಎಂಬಂತೆ. ಬಟ್ಟಲನ್ನು ನನ್ನ ಬಾಯಿಗೆ ಹಿಡಿದು, "ಕುಡಿ. ನಿಂದೂ ಬರಲಿ" ಎಂದರು. ಬಾಜೂ ಹಾಸಿಗೆಯ ಬೈಲಹೊಂಗಲದ ಹೆಂಗಸು ಕಿಸಕ್ಕನೆ ನಕ್ಕಳು. ನನಗೂ ನಗು ಬಂತು.

ಅಲ್ಲಿಂದ ದಿನಾ ಹಾಲಿನ ಹೊತ್ತಿಗೆ ಸಮುದ್ರದ ಕತೆ. ಬೈಲಹೊಂಗಲದವಳೂ ಈ ಕಡೆ ಹೊರಳಿ ಮಲಗುತ್ತಿದ್ದಳು. ಅತ್ತೆಯ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ತಳದ ನೀರನ್ನು ಮುಟ್ಟಿ ನೋಡಿದ್ದೀಯಾ? ಅಲ್ಲಿ ಮೀನಿಗೆ ಚಳಿಯಾಗುವುದಿಲ್ಲವೇ? ನಮ್ಮ ಮಲಪ್ರಭೆಯಲ್ಲಿ ಎಮ್ಮೆ ಮೈ ತೊಳೆದ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ? ಕೃಷ್ಣೆಗೆ ಕೂಡಿ ಪೂರ್ವದ ಸಮುದ್ರಕ್ಕೆ ಎಂದಾಗ ಅವರ ಮುಖ ಸಪ್ಪಗಾಯಿತು. "ಅಲ್ಲ, ಮೀನು ನಮಗ ಬರೂದು ಇಲ್ಲಿಂದ, ನಮ್ಮ ಗೊಬ್ಬರ ಹೋಗೂದು ಅಲ್ಲಿಗೆ. ಇದ್ಯಾವ ನ್ಯಾಯ?"

ಕರಾವಳಿಯುದ್ದಕ್ಕೂ ಹರಿಯುವ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ತಿರುಗುತ್ತದೆ ಎಂದಾಗ, "ನಮ್ಮ ಕುರಿಯವರಂಗ. ಮಳಿಗೊಮ್ಮಿ ಆಕಡಿ, ಬ್ಯಾಸಗಿಗೊಮ್ಮಿ ಈಕಡಿ" ಎಂದರು. ಕಾರವಾರದ ಹತ್ತಿರ ತಣ್ಣೀರು ಪೂರ್ತಿ ಮೇಲಕ್ಕೆ ಬರುವುದಿಲ್ಲ, ಹೊಳೆಗಳಿಂದ ಬಂದ ಮಳೆಯ ಸಿಹಿನೀರು ಮುಚ್ಚಳದ ಹಾಗೆ ಮೇಲೆ ಕೂತಿರುತ್ತದೆ ಎಂದು ಹೇಳಿದ ದಿನ ಅವರಿಗೆ ತಡೆಯಲಾಗಲಿಲ್ಲ. "ಆ ಮುಚ್ಚಳಕ್ಕ ಬೆಂಕಿ ಹಚ್ಚಲಿ!" ಎಂದು ಬೈದರು. ಮುಚ್ಚಳ ತೆಳ್ಳಗಿರುತ್ತದೆ, ಬೆಳಕು ಅದರೊಳಗಿಂದಲೂ ಇಳಿಯುತ್ತದೆ, ಸಸ್ಯಗಳು ಅದರ ಕೆಳಗೇ ಬೆಳೆಯುತ್ತವೆ ಎಂದು ಸಮಾಧಾನ ಹೇಳಬೇಕಾಯಿತು.

ಒಂದು ದಿನ ಅತ್ತೆ ಕೇಳಿದರು, "ಕೆಳಗಿಳದದ್ದು ಎಲ್ಲಾನೂ ತಿರುಗಿ ಮ್ಯಾಲ ಬರ್ತದೇನ?"

ಹೌದೆನ್ನಬಹುದಿತ್ತು. ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. "ಎಲ್ಲಾ ಬರೂದಿಲ್ಲರೀ. ಒಂದಿಷ್ಟು ಕೆಸರಿನಾಗ ಹುಗದು ಅಲ್ಲೇ ಉಳೀತದ."

ಅತ್ತೆ ಕೌದಿಯ ಒಂದು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ಆಮೇಲೆ ಹೇಳಿದರು. ನನ್ನ ಗಂಡನಿಗಿಂತ ಮೊದಲು ಅವರಿಗೊಂದು ಹೆಣ್ಣು ಹುಟ್ಟಿತ್ತಂತೆ. ಹುಟ್ಟಿದಾಗಲೇ ಉಸಿರಿರಲಿಲ್ಲ. ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು. ಮನೆಯಲ್ಲಿ ಯಾರೂ ಮತ್ತೆ ಆ ಮಾತು ತೆಗೆಯಲಿಲ್ಲ, ಇವರೂ ತೆಗೆಯಲಿಲ್ಲ.

"ಹೆಸರು ಸೈತ ಇಟ್ಟಿರಲಿಲ್ಲ. ಮಾರೀ ಮಾತ್ರ ನೆನಪೈತಿ. ಹಣಿ ಅಗಲ ಇತ್ತು" ಎಂದರು. "ಇರಲಿ ಬಿಡು. ಎಲ್ಲಾನೂ ತಿರುಗಿ ಬರಬೇಕಂದ್ರ ಹೆಂಗ."

ನಾನು ಕೈ ಚಾಚಿದೆ. ಅವರು ಹಿಡಿದುಕೊಂಡರು. ಎಮ್ಮೆಯ ಕೆಚ್ಚಲು ಹಿಡಿದು ಗಟ್ಟಿಯಾದ ಹೆಬ್ಬೆರಳು. ಅಲ್ಲಿಂದಾಚೆಗೆ ನಾನು ಅಳಲಿಲ್ಲ. ನನ್ನದಕ್ಕಿಂತ ದೊಡ್ಡ ಅಳುವನ್ನು ಇಷ್ಟು ವರ್ಷ ಇಟ್ಟುಕೊಂಡವರು ನನ್ನ ಪಕ್ಕ ಕೂತಿದ್ದರು.

ಆಗಸ್ಟ್ ಬಂತು. ಒಂದು ಮುಂಜಾನೆ ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಪರದೆಯಿಂದ ಮುಖ ತಿರುಗಿಸಿ ನನ್ನ ಕಣ್ಣಲ್ಲಿ ಕಣ್ಣಿಟ್ಟರು. ಹರಿವು ಮತ್ತಷ್ಟು ಇಳಿದಿತ್ತು. "ಇನ್ನ ಒಳಗಿರೂದಕ್ಕಿಂತ ಹೊರಗ ಇದ್ರ ಕೂಸಿಗೆ ಚಲೋ. ಇವತ್ತs ಆಪರೇಷನ್ ಮಾಡೂಣು" ಎಂದರು. ದಿನ ತುಂಬಲು ಇನ್ನೂ ಬಹಳ ಇತ್ತು.

ಗಂಡ ಆಫೀಸಿನಿಂದ ಓಡಿ ಬಂದರು. ಅಪ್ಪ ಡಬ್ಬಿ ಹಿಡಿದುಕೊಂಡು ಬಂದವರು ಸ್ಟ್ರೆಚರ್ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಅತ್ತೆ ಮಾತ್ರ ಬಾಗಿಲ ತನಕ ಸ್ಟ್ರೆಚರಿನ ಜೊತೆಗೇ ನಡೆದು ಬಂದು ನರ್ಸಿಗೆ, "ನಮ್ಮ ಹುಡುಗಿ ಅಂಜಬುರುಕಿ ಐತ್ರಿ. ಒಂದೀಟು ಮಾತಾಡಸ್ಕೋತ ಇರ್ರಿ" ಎಂದು ಹೇಳಿ ಕಳಿಸಿದರು.

ಹೆಣ್ಣುಮಗು. ಬೆಕ್ಕಿನ ಮರಿಯ ಹಾಗೆ ಒಮ್ಮೆ ಅತ್ತಿತು. ನನಗೆ ತೋರಿಸಿದ್ದು ಒಂದು ಕ್ಷಣ ಮಾತ್ರ, ಕೆಂಪಗೆ, ಸುಕ್ಕುಸುಕ್ಕಾಗಿ. ಆಮೇಲೆ ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗೆ ಒಯ್ದರು. ಅಪ್ಪ ನರ್ಸಿನ ಹತ್ತಿರ ಕೇಳಿದ್ದು ಒಂದೇ ಮಾತಂತೆ: ತೂಕ ಎಷ್ಟು? ಜೀವಮಾನವಿಡೀ ತಕ್ಕಡಿಯ ಮುಂದೆ ಕೂತವರು, ಉತ್ತರ ಕೇಳಿ ತಮ್ಮ ಅಂಗೈಯನ್ನೇ ನೋಡಿಕೊಂಡು ಕೂತರಂತೆ. ಇದನ್ನು ನನ್ನ ಗಂಡ ಆಮೇಲೆ ಹೇಳಿದ್ದು.

ಮಗುವಿಗೆ ಚೀಪುವ ಶಕ್ತಿ ಇರಲಿಲ್ಲ. ನನ್ನ ಹಾಲು ಹಿಂಡಿ ಕೊಟ್ಟರೆ ಮೂಗಿನೊಳಗಿನ ನಳಿಕೆಯಿಂದ ಹನಿಹನಿಯಾಗಿ ಹಾಕುತ್ತೇವೆ ಎಂದರು. ನನಗೆ ಹಾಲೇ ಇಳಿಯಲಿಲ್ಲ. ನರ್ಸು ತೋರಿಸಿಕೊಟ್ಟಂತೆ ಎಷ್ಟು ಮಾಡಿದರೂ ಬಟ್ಟಲಿನ ತಳ ಒದ್ದೆಯಾಗುತ್ತಿತ್ತು, ಅಷ್ಟೇ. ಹಲ್ಲು ಕಚ್ಚಿಕೊಂಡು ಒತ್ತುತ್ತಿದ್ದೆ. ಅತ್ತೆ ಬಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಬದಿಗಿಟ್ಟರು.

"ಹಟ ಹಿಡದ್ರ ಎಮ್ಮಿ ಸೈತ ಹಾಲು ತೊರಿ ಬಿಡೂದಿಲ್ಲ. ನಡಿ, ಮೊದಲ ಕೂಸಿನ್ನ ನೋಡ್ಕೊಂಡು ಬರೂಣು."

ಹೊಲಿಗೆಯ ನೋವಿಗೆ ಬಾಗಿ, ಅವರ ಹೆಗಲು ಹಿಡಿದು ನಡೆದೆ. ಗಾಜಿನ ಪೆಟ್ಟಿಗೆಯ ಪಕ್ಕದ ಕಿಂಡಿಯಲ್ಲಿ ಕೈ ಹಾಕಲು ನರ್ಸು ಬಿಟ್ಟರು. ನನ್ನ ಬೆರಳು ತಾಗಿದ ಕೂಡಲೇ ಅದು ಅಂಗೈ ಮುಚ್ಚಿ ಹಿಡಿದುಕೊಂಡಿತು. ಏನು ಹಿಡಿತ ಅದು! ಅಲ್ಲಿಯೇ, ನಿಂತಲ್ಲಿಯೇ, ನನ್ನ ಎದೆ ತುಂಬಿ ರವಿಕೆ ತೊಯ್ದಿತು. ಅತ್ತೆ ಸೆರಗು ಹೊದಿಸಿ, "ಬಂತು ನೋಡು, ಬಂತು" ಎಂದು ನನ್ನನ್ನು ತಿರುಗಿಸಿಕೊಂಡು ಹೋದರು. ಅವರ ಕಣ್ಣೂ ತುಂಬಿದ್ದವು.

ಗಣಪತಿ ಹಬ್ಬ ಕಳೆದಮೇಲೆ ಮಗುವನ್ನು ಮನೆಗೆ ಕರೆದುಕೊಂಡು ಬಂದೆವು. ಅಪ್ಪ ಕುಂದಾ ತಂದು ಎಲ್ಲರಿಗೂ ಹಂಚಿದರು. ಅದು ಅತ್ತೆಯ ಎಮ್ಮೆಗಳ ಹಾಲು ಹೋಗುವ ಅಂಗಡಿಯದೇ. ಅತ್ತೆ ಒಂದು ಚೂರು ಬಾಯಿಗಿಟ್ಟು, "ನಮ್ಮ ಹಾಲು ಸುತ್ತ ಹಾಕ್ಕೊಂಡು ನಮ್ಮ ಮನೀಗೇ ಬಂತಲ್ರೀ ಬೀಗರ. ಸಕ್ಕರಿ ಒಂದೀಟು ಹೆಚ್ಚಾಗೈತಿ" ಎಂದರು. ಮಗುವಿನ ತೊಟ್ಟಿಲು ತೂಗುತ್ತ, ಎದೆಗೆ ಹಾಕಿಕೊಂಡೇ ಒಂದು ಕೈಯಲ್ಲಿ ಬರೆಯುತ್ತ, ಮುಂದಿನ ಬೇಸಗೆಗೆ ನನ್ನ ಪ್ರಬಂಧ ಮುಗಿಯಿತು. ಬರೆಯುವಾಗ ಸಿಕ್ಕಿಹಾಕಿಕೊಂಡಲ್ಲೆಲ್ಲ, ಇದನ್ನು ಅತ್ತೆಗೆ ಹೇಗೆ ಹೇಳಿದ್ದೆ ಎಂದು ನೆನೆಸಿಕೊಳ್ಳುತ್ತಿದ್ದೆ. ಆಗ ವಾಕ್ಯ ಸಿಗುತ್ತಿತ್ತು.

ಪ್ರಬಂಧ ಮುಗಿದ ಆ ವರ್ಷವೇ, ಮಳೆ ಹಿಂದೆ ಸರಿದಮೇಲೆ, ನನ್ನ ಗೈಡ್ ಒಮ್ಮೆ ಕಾರವಾರಕ್ಕೆ ಬಂದು ಹೋಗೆಂದರು. ಮಗುವನ್ನು ಬಿಟ್ಟು ಹೋಗುವಂತಿರಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲ. ಅತ್ತೆ ಬರುತ್ತೇನೆಂದರು. ಹೆಂಗಸರಿಬ್ಬರೇ ಹೇಗೆ ಹೋಗುತ್ತೀರೆಂದು ಅಪ್ಪನೂ ಧೋತರ ಉಟ್ಟು ಬಸ್‌ಸ್ಟ್ಯಾಂಡಿಗೆ ಬಂದರು.

ಗೈಡ್ ಜೊತೆ ಮಾತು ಮುಗಿಸಿ ನಾನು ದಂಡೆಗೆ ಬಂದಾಗ ಇಬ್ಬರೂ ನೀರಿನಿಂದ ದೂರ, ಒಣ ಮರಳಿನ ಮೇಲೆ ಕೂತಿದ್ದರು. ಮಗು ನಡುವೆ. ಸಮುದ್ರ ಹಸಿರಾಗಿತ್ತು, ಪಾಚಿ ಹಸಿರು. ಅತ್ತೆ ನನ್ನನ್ನು ಕಂಡು, "ಹೊಟ್ಟಿ ತುಂಬೇತಿ ಅಲ್ಲs ಇದರದು?" ಎಂದು ಕೇಳಿದರು. ಹೌದೆಂದೆ. ಆಚೆ ದೋಣಿಯಿಂದ ಬುಟ್ಟಿಗಟ್ಟಲೆ ತಾರ್ಲಿ ಮೀನು ಇಳಿಸುತ್ತಿದ್ದರು. ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ ಆ ಕಡೆ ನಡೆದರು. ಅಪ್ಪ ಮೂಗಿಗೆ ಉಪರಣೆ ಹಿಡಿದು ಮೊಮ್ಮಗಳನ್ನು ಎತ್ತಿಕೊಂಡು ಗಾಳಿ ಬರುವ ಕಡೆಗೆ ಸರಿದರು.

ತಿರುಗಿ ಬರುವಾಗ ಬಸ್ಸು ಘಟ್ಟ ಹತ್ತುತ್ತಿತ್ತು. ಮಗು ಅಪ್ಪನ ತೊಡೆಯ ಮೇಲೆ ಮಲಗಿತ್ತು. ಆಸ್ಪತ್ರೆಯ ಅಷ್ಟು ದಿನಗಳಲ್ಲಿ ಸ್ಟೂಲಿನ ಮೇಲೆ ಕೂತು ನಮ್ಮ ಮಾತು ಕೇಳಿಸಿಕೊಂಡು ಸಮುದ್ರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿದ್ದ ಅಪ್ಪ, ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ನಿಮ್ಮ ಸರ್ ಏನಂದ್ರು?"

"ಹೊಸ ಕೆಲಸ ಒಂದೈತಿ ಅಂದ್ರು. ಚಳಿಗಾಲದಾಗ ಪ್ರವಾಹ ತಿರುಗಿದಮ್ಯಾಲ ನೀರು ಹೆಂಗ ಆಗ್ತದ ಅಂತ ನೋಡೂದು. ತಿಂಗಳಿಗೆ ಒಂದೀಟು ದಿನ ಕಾರವಾರದಾಗ ಇರಬೇಕಾಗ್ತದ. ಒಲ್ಲೆ ಅಂದ ಬಂದೇನಿ."

"ಯಾಕ?"

"ಕೂಸು ಐತಲ್ರೀ ಅಪ್ಪಾ."

"ಕೂಸಿನ್ನ ನಾ ನೋಡ್ಕೋತೇನು. ಅಂಗಡ್ಯಾಗ ಗಾದಿ ಮ್ಯಾಲ ಕುಂದರ್ತದ."

ಮುಂದಿನ ಸೀಟಿನಿಂದ ಅತ್ತೆ ತಿರುಗಿದರು. "ಅಂಗಡ್ಯಾಗ? ಬೆಲ್ಲಕ್ಕ ಬಂದ ನೊಣದ ನಡುವ ನನ್ನ ಮೊಮ್ಮಗಳನ್ನ ಕುಂದರಸ್ತೀರೇನ್ರಿ ಬೀಗರ? ಖಾನಾಪುರದಾಗ ಮನಿ ಇಲ್ಲೇನು? ಹಾಲಿಲ್ಲೇನು?"

"ನಿಮ್ಮ ಎಮ್ಮಿ ಕಾಲಾಗ ಬಿಡ್ಲಿ ಅಂತೀರೇನು?"

"ಎಮ್ಮಿ ನಿಮ್ಮ ತಕ್ಕಡೀಕಿಂತ ಶಾಣ್ಯಾ ಅದಾವ!"

ರಾಮನಗರ ದಾಟುವ ತನಕ ಇಬ್ಬರೂ ಜಗಳಾಡಿದರು. ಬಸ್ಸಿನವರೆಲ್ಲ ನಗುತ್ತಿದ್ದರು. ಕೊನೆಗೆ ಒಂದು ತಿಂಗಳು ಖಾನಾಪುರ, ಮರುತಿಂಗಳು ಪೇಟೆ ಎಂದು ಒಪ್ಪಂದವಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮರುದಿನ ನಾನು ಗೈಡ್‌ಗೆ ಫೋನು ಮಾಡಿ, ಬರುತ್ತೇನೆ ಎಂದು ಹೇಳಿದೆ.